ಅಲರ್ಜಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಒಟ್ಟಿಗೆ ತಗೊಳ್ಳುವವರಿಗೆ: ನಡುವೆ ನುಸುಳುವ ಮೂರನೆಯದನ್ನು ಹಿಡಿಯುವುದು ಹೇಗೆ?

ರಾತ್ರಿ ಹನ್ನೊಂದೂವರೆ. ಲೈಟ್ ಆರಿಸಿ ಮಲಗಿ ಒಂದು ಗಂಟೆಯಾಗಿತ್ತು. ನಿದ್ದೆ ಹತ್ತಿರವೂ ಸುಳಿಯಲಿಲ್ಲ. ದಿಂಬಿಗೆ ಕಿವಿ ಇಟ್ಟರೆ ಎದೆಬಡಿತ ಕೇಳುತ್ತಿತ್ತು. ಎದ್ದು ಬಿ.ಪಿ. ಮಿಷನ್ ಕಟ್ಟಿಕೊಂಡು ನೋಡಿದೆ: 158/96. ನನಗೆ ಮೇಲಿನ ಅಂಕಿ 130 ದಾಟುವುದೇ ಅಪರೂಪ. ಆವತ್ತು ಹೊಸದಾಗಿ ಮಾಡಿದ್ದು ಒಂದೇ ಕೆಲಸ. ಸೀನು ತಡೆಯಲಾರದೆ ಸಂಜೆ ಒಂದು ಅಲರ್ಜಿ ಮಾತ್ರೆ ನುಂಗಿದ್ದೆ. ಊಟವಾದ ಮೇಲೆ ಎಂದಿನಂತೆ ಅಟೊರ್ವಾಸ್ಟ್ಯಾಟಿನ್ 20 ಮಿ.ಗ್ರಾಂ.

ಎರಡೂ ಹೊಟ್ಟೆಯೊಳಗೆ ಜಗಳಕ್ಕೆ ಬಿದ್ದಿವೆ ಅಂತಲೇ ಅಂದುಕೊಂಡೆ. ಬೆಳಿಗ್ಗೆ ಸ್ಟ್ರಿಪ್ ತಿರುಗಿಸಿ ಓದಿದಾಗ ಗೊತ್ತಾಯಿತು, ಜಗಳ ಅವೆರಡರದ್ದಲ್ಲ. ಅಲರ್ಜಿ ಮಾತ್ರೆಯೊಳಗೇ ಮೂಗು ಬಿಡಿಸುವ ಇನ್ನೊಂದು ಔಷಧಿ ಸೇರಿಕೊಂಡಿತ್ತು, ಸ್ಯೂಡೋಎಫೆಡ್ರಿನ್ ಅಂತ. ಎದೆ ಹೊಡೆದುಕೊಂಡದ್ದು ಅದರ ದೆಸೆಯಿಂದ. ಅಟೊರ್ವಾಸ್ಟ್ಯಾಟಿನ್ ಪಾಪ, ತನ್ನ ಪಾಡಿಗೆ ತಾನಿತ್ತು.

ನಾನು ಡಾಕ್ಟರಲ್ಲ. ಎರಡೂ ಮಾತ್ರೆ ವರ್ಷಗಟ್ಟಲೆ ನುಂಗಿ, ಕೇಳಿ, ಓದಿ ತಿಳಿದುಕೊಂಡವನು. ಆವತ್ತಿನಿಂದ ನನಗೆ ಖಚಿತವಾದದ್ದು ಇದು: ಸಾದಾ ಅಲರ್ಜಿ ಮಾತ್ರೆಗೂ ಕೊಲೆಸ್ಟ್ರಾಲ್ ಮಾತ್ರೆಗೂ ಸಾಮಾನ್ಯವಾಗಿ ಹೊಂದಿಕೆ ಆಗುತ್ತದೆ. ತೊಂದರೆ ತರುವುದು ಅವುಗಳ ನಡುವೆ ಸದ್ದಿಲ್ಲದೆ ಬರುವ ಮೂರನೆಯದು. ಅದು ಕಾಂಬಿನೇಷನ್ ಮಾತ್ರೆಯೊಳಗೆ ಇರಬಹುದು, ಸೈನಸ್‌ಗೆ ಬರೆದ ಆ್ಯಂಟಿಬಯಾಟಿಕ್ ಆಗಿರಬಹುದು, ಗ್ಯಾಸ್ಟ್ರಿಕ್ ಸಿರಪ್ ಇರಬಹುದು, ಒಂದು ಲೋಟ ಜ್ಯೂಸ್ ಕೂಡ ಇರಬಹುದು.

1. ಮೊದಲು ಎರಡು ಹೆಸರು ಬರೆದುಕೊಳ್ಳಿ

"ಬಿಳಿ ಮಾತ್ರೆ, ರಾತ್ರಿ ತಗೊಳ್ಳೋದು" ಅಂದರೆ ಯಾರಿಗೂ ಉಪಯೋಗವಿಲ್ಲ. ಕಂಪನಿ ಇಟ್ಟ ಹೆಸರೂ ಸಾಲದು. ಬೇಕಾಗಿರುವುದು ಒಳಗಿರುವ ಔಷಧಿಯ ಹೆಸರು. ಸ್ಟ್ರಿಪ್‌ನ ಹಿಂದೆ ದೊಡ್ಡಕ್ಷರದ ಬ್ರ್ಯಾಂಡ್ ಹೆಸರಿನ ಹತ್ತಿರ ಸಣ್ಣ ಅಕ್ಷರದಲ್ಲಿ ಅದು ಇರುತ್ತದೆ. ಕಣ್ಣಿಗೆ ಹಿಡಿಯದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ನಾನು ಮಾಡುವುದೂ ಅದನ್ನೇ.

ಕೊಲೆಸ್ಟ್ರಾಲ್ ಮಾತ್ರೆಯಲ್ಲಿ "ಸ್ಟ್ಯಾಟಿನ್" ಅಂತ ಕೊನೆಯಾಗುವ ಹೆಸರಿದ್ದರೆ ಅದು ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಕಡಿಮೆ ಮಾಡುವ ಗುಂಪಿನದು. ಬಹಳ ಜನ ತಗೊಳ್ಳುವುದು ಇವನ್ನೇ. ಕೆಲವರಿಗೆ ಜೊತೆಗೆ ಎಜೆಟಿಮೈಬ್ ಇರುತ್ತದೆ. ಇನ್ನು ಕೆಲವರಿಗೆ ಟ್ರೈಗ್ಲಿಸರೈಡ್ ಜಾಸ್ತಿ ಅಂತ ಫೆನೋಫೈಬ್ರೇಟ್ ಅಥವಾ ಜೆಮ್‌ಫೈಬ್ರೋಜಿಲ್ ಕೊಟ್ಟಿರುತ್ತಾರೆ. ನೀರಿಗೆ ಹಾಕಿ ಕುಡಿಯುವ ಕೊಲೆಸ್ಟೈರಮಿನ್ ಪುಡಿಯೂ ಇದೆ. ಎರಡು ವಾರಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಚರ್ಮದಡಿ ಚುಚ್ಚಿಕೊಳ್ಳುವ ಇವೊಲೊಕುಮ್ಯಾಬ್‌ನಂಥ ಇಂಜೆಕ್ಷನ್‌ಗಳೂ ಬಂದಿವೆ. ಈ ಇಂಜೆಕ್ಷನ್ ತಗೊಳ್ಳುವವರು ಮುಂದಿನ ಕಿಣ್ವದ ಕಥೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದು ಆ ದಾರಿ ಹಿಡಿಯುವುದೇ ಇಲ್ಲ.

ಬಿ.ಪಿ., ಶುಗರ್, ಪ್ರಾಸ್ಟೇಟ್, ಹೃದಯದ ಮಾತ್ರೆಗಳಿದ್ದರೆ ಅವನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

2. ನಿಮ್ಮ ಸ್ಟ್ಯಾಟಿನ್ ಯಾವ ಬಾಗಿಲಿಂದ ಹೊರಹೋಗುತ್ತದೆ?

ಲಿವರ್‌ನಲ್ಲಿ, ಕರುಳಿನ ಗೋಡೆಯಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳಿವೆ. ಅವುಗಳಲ್ಲಿ ಹೆಚ್ಚು ಕೆಲಸ ಮಾಡುವುದು ಸಿವೈಪಿ3ಎ4 ಎಂಬುದು. ಸಿಮ್ವಾಸ್ಟ್ಯಾಟಿನ್, ಲೊವಾಸ್ಟ್ಯಾಟಿನ್, ಅಟೊರ್ವಾಸ್ಟ್ಯಾಟಿನ್ ಈ ಮೂರೂ ಅದರ ಬಾಗಿಲಲ್ಲಿ ಕ್ಯೂ ನಿಲ್ಲುತ್ತವೆ. ಬೇರೆ ಯಾವುದಾದರೂ ಔಷಧಿ ಆ ಬಾಗಿಲು ಮುಚ್ಚಿತು ಅನ್ನಿ. ಸ್ಟ್ಯಾಟಿನ್ ಹೊರಹೋಗದೆ ರಕ್ತದಲ್ಲಿ ಏರುತ್ತದೆ. ನೀವು ನುಂಗಿದ್ದು ಒಂದೇ ಮಾತ್ರೆ, ಮೈಗೆ ತಾಗುವುದು ನಾಲ್ಕೈದು ಮಾತ್ರೆಯಷ್ಟು. ಅದರ ಬಿಸಿ ಮೊದಲು ತಟ್ಟುವುದು ಸ್ನಾಯುಗಳಿಗೆ.

ರೊಸುವಾಸ್ಟ್ಯಾಟಿನ್, ಪ್ರಾವಾಸ್ಟ್ಯಾಟಿನ್, ಪಿಟಾವಾಸ್ಟ್ಯಾಟಿನ್ ಈ ಬಾಗಿಲನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಹಾಗಾಗಿ ಅವುಗಳ ವಿಷಯದಲ್ಲಿ ಈ ಒಂದು ತಲೆನೋವು ಕಡಿಮೆ.

ಇಲ್ಲಿ ಒಂದು ಹಳೇ ಕಥೆ ಹೇಳಬೇಕು. ಟರ್ಫೆನಡಿನ್ ಅಂತ ಒಂದು ಅಲರ್ಜಿ ಮಾತ್ರೆ ಇತ್ತು. ನಿದ್ದೆ ಬರಿಸುವುದಿಲ್ಲ ಅಂತ ಹೆಸರುವಾಸಿಯಾಗಿತ್ತು. ಅದನ್ನು ಒಡೆಯುತ್ತಿದ್ದುದೂ ಇದೇ ಕಿಣ್ವ. ಎರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಅಥವಾ ಫಂಗಸ್‌ಗೆ ಕೊಡುವ ಕೀಟೊಕೊನಜೋಲ್ ಜೊತೆಗೆ ತಗೊಂಡವರಲ್ಲಿ ಅದು ಒಡೆಯದೆ ಉಳಿದು ಹೃದಯದ ಲಯವನ್ನೇ ಕೆಡಿಸುತ್ತಿತ್ತು. ಸಾವುಗಳೂ ಆದವು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು. ಮಜಾ ಏನೆಂದರೆ, ಟರ್ಫೆನಡಿನ್ ಮೈಯೊಳಗೆ ಒಡೆದಾಗ ಆಗುತ್ತಿದ್ದ ವಸ್ತುವೇ ಫೆಕ್ಸೊಫೆನಡಿನ್. ಅಲರ್ಜಿ ತಡೆಯುವ ಗುಣ ಇದ್ದುದು ಅದರಲ್ಲಿ. ಅದನ್ನೇ ನೇರವಾಗಿ ಮಾತ್ರೆ ಮಾಡಿ 1996ರಲ್ಲೇ ಬಿಟ್ಟಿದ್ದರು. ಇವತ್ತು ನಾವು ನುಂಗುವುದು ಅದನ್ನು.

ಸ್ಟ್ಯಾಟಿನ್ ಕಡೆಯಲ್ಲೂ ಇಂಥದ್ದೊಂದು ನಡೆದಿದೆ. ಸೆರಿವಾಸ್ಟ್ಯಾಟಿನ್ ಎಂಬುದನ್ನು 2001ರಲ್ಲಿ ವಾಪಸ್ ಪಡೆದರು. ಸ್ನಾಯು ಕರಗಿ ಕಿಡ್ನಿ ಕೆಟ್ಟ ಪ್ರಕರಣಗಳು ಬಂದಿದ್ದವು, ಅದರಲ್ಲೂ ಜೆಮ್‌ಫೈಬ್ರೋಜಿಲ್ ಜೊತೆಗೆ ತಗೊಂಡವರಲ್ಲಿ ಜಾಸ್ತಿ. ಎರಡೂ ಕಥೆಯಲ್ಲಿ ಒಂಟಿ ಮಾತ್ರೆಗಿಂತ ಜೋಡಿಯೇ ಹೆಚ್ಚು ಅಪಾಯ ತಂದದ್ದು, ಗಮನಿಸಿ.

3. ಅಲರ್ಜಿಗೆ ಯಾವ ಮಾತ್ರೆ?

ಸ್ಟ್ಯಾಟಿನ್ ತಗೊಳ್ಳುವವರಿಗೆ ನೆಮ್ಮದಿಯ ಆಯ್ಕೆ ಸೆಟಿರಿಜಿನ್, ಲೆವೊಸೆಟಿರಿಜಿನ್, ಫೆಕ್ಸೊಫೆನಡಿನ್. ಮೊದಲೆರಡು ಬಹುಪಾಲು ಹಾಗೇ ಮೂತ್ರದಲ್ಲಿ ಹೋಗುತ್ತವೆ. ಫೆಕ್ಸೊಫೆನಡಿನ್ ಕೂಡ ಹೆಚ್ಚು ಒಡೆಯದೆ ಹೊರಬರುತ್ತದೆ. ಕಿಣ್ವದ ಬಾಗಿಲಲ್ಲಿ ಇವು ನೂಕುನುಗ್ಗಲು ಮಾಡುವುದಿಲ್ಲ. ಆದರೆ ಕಿಡ್ನಿ ದುರ್ಬಲವಾಗಿದ್ದರೆ ಮೂರರ ಡೋಸನ್ನೂ ಡಾಕ್ಟರು ಕಡಿಮೆ ಮಾಡಬೇಕಾಗುತ್ತದೆ. ರೊಸುವಾಸ್ಟ್ಯಾಟಿನ್‌ಗೂ ಅದೇ ಮಾತು. ಅಂದರೆ ಕಿಡ್ನಿ ರಿಪೋರ್ಟ್ ಸರಿಯಿಲ್ಲದವರು ಎರಡೂ ಕಡೆಯಿಂದ ಲೆಕ್ಕ ಹಾಕಬೇಕು.

ಸೆಟಿರಿಜಿನ್ "ನಿದ್ದೆ ಬರಲ್ಲ" ಗುಂಪಿನದು ಅಂತ ಹೇಳಿದರೂ ಕೆಲವರಿಗೆ ಚೆನ್ನಾಗಿಯೇ ಮಂಪರು ತರಿಸುತ್ತದೆ. ನಾನು ಆ ಕೆಲವರಲ್ಲಿ ಒಬ್ಬ. ಗಾಡಿ ಓಡಿಸುವವರು ಮೊದಲ ಡೋಸನ್ನು ರಾತ್ರಿ ತಗೊಂಡು ನೋಡುವುದು ಒಳ್ಳೆಯದು.

ಲೊರಟಡಿನ್ ಅದೇ ಸಿವೈಪಿ3ಎ4 ಬಾಗಿಲಿಗೆ ಬರುತ್ತದೆ, ಆದರೆ ಅದನ್ನು ಮುಚ್ಚುವುದಿಲ್ಲ. ಸ್ಟ್ಯಾಟಿನ್ ಜೊತೆ ಜನ ತಗೊಳ್ಳುತ್ತಲೇ ಇದ್ದಾರೆ. ಬಿಲಾಸ್ಟಿನ್ ಕೂಡ ತಂಟೆ ಮಾಡುವಂಥದ್ದಲ್ಲ, ಖಾಲಿ ಹೊಟ್ಟೆಯ ನಿಯಮ ಮಾತ್ರ ಕಟ್ಟುನಿಟ್ಟು: ಊಟಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ಊಟವಾಗಿ ಎರಡು ಗಂಟೆ ಬಿಟ್ಟು.

ಸ್ವಲ್ಪ ಹುಷಾರಾಗಿರಬೇಕಾದದ್ದು ರುಪಟಡಿನ್. ಅದನ್ನು ತಗೊಂಡ ಕೆಲವರ ರಕ್ತದಲ್ಲಿ ಸಿಪಿಕೆ ಎಂಬ ಸ್ನಾಯುವಿನ ಕಿಣ್ವ ಏರಿದ್ದು ಕಂಡಿದೆ. ಸ್ಟ್ಯಾಟಿನ್ ಸ್ನಾಯುವಿಗೆ ತೊಂದರೆ ಕೊಟ್ಟಾಗ ಏರುವುದೂ ಅದೇ ಸಿಪಿಕೆ. ಅದಕ್ಕೇ ರುಪಟಡಿನ್‌ನ ಮಾಹಿತಿ ಚೀಟಿಯಲ್ಲೇ ಸ್ಟ್ಯಾಟಿನ್ ಜೊತೆ ಎಚ್ಚರ ಅಂತ ಬರೆದಿರುತ್ತಾರೆ. ತಗೊಳ್ಳಲೇಬಾರದು ಅಂತಲ್ಲ. ಬರೆದುಕೊಟ್ಟ ಡಾಕ್ಟರಿಗೆ ನಿಮ್ಮ ಸ್ಟ್ಯಾಟಿನ್ ವಿಷಯ ಗೊತ್ತಿರಬೇಕು, ಅಷ್ಟೆ.

ಕ್ಲೋರ್‌ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಹಳೇ ಕಾಲದವು. ಅಗ್ಗ, ಎಲ್ಲ ಕಡೆ ಸಿಗುತ್ತವೆ, ನೆಗಡಿ ಮಾತ್ರೆಗಳಲ್ಲಿ ಬಚ್ಚಿಟ್ಟುಕೊಂಡಿರುತ್ತವೆ. ಸ್ಟ್ಯಾಟಿನ್‌ಗೆ ನೇರ ತೊಂದರೆ ಇಲ್ಲ. ಆದರೆ ಕೊಲೆಸ್ಟ್ರಾಲ್ ಮಾತ್ರೆ ನುಂಗುವವರಲ್ಲಿ ವಯಸ್ಸಾದವರೇ ಹೆಚ್ಚು, ಅಲ್ವಾ? ಅವರಿಗೆ ಇವು ತೂಕಡಿಕೆ, ಗಲಿಬಿಲಿ, ಬಾಯಿ ಒಣಗುವುದು, ಮೂತ್ರ ಕಟ್ಟುವುದು ಎಲ್ಲ ತರುತ್ತವೆ. ರಾತ್ರಿ ಎದ್ದು ಬಚ್ಚಲಿಗೆ ಹೋಗುವಾಗ ಬಿದ್ದರೆ ಅಲರ್ಜಿಗಿಂತ ದೊಡ್ಡ ಕಥೆಯಾಗುತ್ತದೆ. ನನ್ನನ್ನು ಕೇಳಿದರೆ, 65 ದಾಟಿದವರು ಇವುಗಳ ಸಹವಾಸಕ್ಕೆ ಹೋಗದಿರುವುದೇ ಲೇಸು.

ಮಾಂಟೆಲುಕಾಸ್ಟ್ ಸೇರಿದ ಜೋಡಿ ಮಾತ್ರೆ ಬರೆದಿದ್ದರೆ ಸ್ಟ್ಯಾಟಿನ್ ಜೊತೆ ಚಿಂತೆಯಿಲ್ಲ. ಆದರೆ ಜೆಮ್‌ಫೈಬ್ರೋಜಿಲ್ ತಗೊಳ್ಳುವವರಲ್ಲಿ ಮಾಂಟೆಲುಕಾಸ್ಟ್ ರಕ್ತದಲ್ಲಿ ಏರುತ್ತದೆ. ಕೆಟ್ಟ ಕನಸು, ಸಿಡಿಮಿಡಿ, ಮನಸ್ಸು ಕುಗ್ಗುವುದು ಈ ಮಾತ್ರೆಯಿಂದ ಆಗಬಹುದು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ತನ್ನ ಅತಿ ಗಂಭೀರ ಎಚ್ಚರಿಕೆ ಹಾಕಿಸಿತು. ಹಾಗೇನಾದರೂ ಅನ್ನಿಸಿದರೆ ಸುಮ್ನೆ ಮುಚ್ಚಿಟ್ಟುಕೊಳ್ಳದೆ ಡಾಕ್ಟರಿಗೆ ಹೇಳಿ.

4. ಬರೀ ಮೂಗಿನ ತೊಂದರೆಯಾದರೆ ಸ್ಪ್ರೇ ಸಾಕಾಗಬಹುದು

ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗಳು ಮೂಗಿನಲ್ಲೇ ಕೆಲಸ ಮಾಡುತ್ತವೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹಾಗಾಗಿ ಕೊಲೆಸ್ಟ್ರಾಲ್ ಮಾತ್ರೆಗೆ ಅಡ್ಡ ಬರುವುದಿಲ್ಲ. ತಲೆ ಸ್ವಲ್ಪ ಮುಂದೆ ಬಾಗಿಸಿ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ. ಆಗ ನಳಿಕೆ ತಾನಾಗಿಯೇ ನಡುವಿನ ಗೋಡೆ ಬಿಟ್ಟು ಕಿವಿಯ ಕಡೆ ತಿರುಗುತ್ತದೆ. ಜೋರಾಗಿ ಎಳೆದುಕೊಳ್ಳಬೇಡಿ, ಔಷಧಿ ಗಂಟಲಿಗಿಳಿದು ಕಹಿಯಾಗುವುದೇ ಲಾಭ. ಪೂರ್ತಿ ಪರಿಣಾಮಕ್ಕೆ ಒಂದೆರಡು ವಾರ ಬೇಕು. ಎರಡು ದಿನ ನೋಡಿ "ಇದು ಕೆಲಸಕ್ಕೆ ಬಾರದ್ದು" ಅಂತ ಮೂಲೆಗೆಸೆಯುವವರೇ ಜಾಸ್ತಿ.

ನುಂಗುವ ಸ್ಟೀರಾಯ್ಡ್ ಬೇರೆ ವಿಷಯ. ಪ್ರೆಡ್ನಿಸೊಲೋನ್ ಕೋರ್ಸ್ ಶುಗರ್, ಬಿ.ಪಿ., ಕೊಲೆಸ್ಟ್ರಾಲ್ ಮೂರನ್ನೂ ಏರಿಸಬಲ್ಲದು. ಅದು ನಡೆಯುತ್ತಿರುವಾಗ ಕೊಲೆಸ್ಟ್ರಾಲ್ ಟೆಸ್ಟ್ ಮಾಡಿಸಿದರೆ ಬಂದ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ಟೆಸ್ಟ್ ಮುಂದೂಡಬಹುದಾ ಅಂತ ಕೇಳಿ.

5. ಈಗ ಆ ಮೂರನೆಯದನ್ನು ಹುಡುಕಿ

ಅಲರ್ಜಿ ಮಾತ್ರೆಯ ಹೆಸರಿನ ಕೊನೆಗೆ "ಡಿ" ಅಂತ ಒಂದಕ್ಷರ, ಅಥವಾ "ಕೋಲ್ಡ್", "ಪ್ಲಸ್", "ಸೈನಸ್" ಅಂತ ಬಾಲ ಇದ್ದರೆ ಅಲ್ಲೇ ನಿಲ್ಲಿ. ಒಳಗೆ ಸ್ಯೂಡೋಎಫೆಡ್ರಿನ್ ಅಥವಾ ಫಿನೈಲ್‌ಎಫ್ರಿನ್ ಇರುವ ಸಾಧ್ಯತೆ ಹೆಚ್ಚು. ಮೂಗಿನ ರಕ್ತನಾಳ ಬಿಗಿಮಾಡಿ ಉಸಿರಾಟ ಸುಲಭ ಮಾಡುವುದು ಇವುಗಳ ಕೆಲಸ. ಆದರೆ ಬಿಗಿಯಾಗುವುದು ಮೂಗಿನದು ಮಾತ್ರವಲ್ಲ. ಬಿ.ಪಿ. ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾಳಾಗುತ್ತದೆ.

ಸ್ಟ್ಯಾಟಿನ್ ಜೊತೆ ಇವುಗಳಿಗೆ ರಾಸಾಯನಿಕ ಜಗಳವಿಲ್ಲ. ಆದರೆ ಸ್ಟ್ಯಾಟಿನ್ ಬರೆದುಕೊಟ್ಟದ್ದು ಯಾಕೆ? ರಕ್ತನಾಳ ಕಟ್ಟದಿರಲಿ, ಹೃದಯ ಚೆನ್ನಾಗಿರಲಿ ಅಂತ. ಹಾಗಿರುವಾಗ ಅದೇ ರಕ್ತನಾಳವನ್ನು ಬಿಗಿಯುವ ಮಾತ್ರೆ ನುಂಗಿದರೆ ಹೇಗೆ? ಸ್ಟೆಂಟ್ ಹಾಕಿಸಿಕೊಂಡವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಎದೆಬಡಿತದ ಲಯ ತಪ್ಪುವವರು ಇವುಗಳಿಂದ ದೂರ ಇರಬೇಕು. ಇನ್ನೊಂದು ವಿಷಯ, ನುಂಗುವ ಫಿನೈಲ್‌ಎಫ್ರಿನ್ ಮೂಗು ಬಿಡಿಸುವುದೇ ಇಲ್ಲ ಅಂತ 2023ರಲ್ಲಿ ಎಫ್‌ಡಿಎಯ ಸಲಹಾ ಸಮಿತಿ ಒಮ್ಮತದಿಂದ ಹೇಳಿತು. ಉಪಯೋಗವೇ ಇಲ್ಲದ್ದಕ್ಕೆ ಅಪಾಯ ಯಾಕೆ ಮೈಮೇಲೆ ಎಳೆದುಕೊಳ್ಳಬೇಕು?

ಮೂಗಿಗೆ ಬಿಡುವ ಕ್ಸೈಲೊಮೆಟಜೊಲಿನ್, ಆಕ್ಸಿಮೆಟಜೊಲಿನ್ ಹನಿಗಳೂ ಇದೇ ಜಾತಿಯವು. ಮೂರು ದಿನ, ಹೆಚ್ಚೆಂದರೆ ಐದು ದಿನ. ಆಮೇಲೂ ಬಿಡುತ್ತಾ ಹೋದರೆ ಹನಿ ಇಲ್ಲದೆ ಮೂಗು ತೆರೆಯುವುದೇ ಇಲ್ಲ.

ಡಬಲ್ ಡೋಸ್ ಕೂಡ ಹೀಗೇ ನುಸುಳುತ್ತದೆ. ನಮ್ಮ ದೊಡ್ಡಪ್ಪನ ಔಷಧಿ ಡಬ್ಬಿಯನ್ನು ಒಮ್ಮೆ ಹಾಸಿಗೆ ಮೇಲೆ ಸುರಿದು ನೋಡಿದ್ದೆ. ತುರಿಕೆಗೆ ಒಬ್ಬರು ಬರೆದದ್ದು ಲೆವೊಸೆಟಿರಿಜಿನ್. ಕೆಮ್ಮಿಗೆ ಇನ್ನೊಬ್ಬರು ಬರೆದದ್ದು ಲೆವೊಸೆಟಿರಿಜಿನ್ ಮತ್ತು ಮಾಂಟೆಲುಕಾಸ್ಟ್. ಇವರೇ ಅಂಗಡಿಯಲ್ಲಿ ಕೇಳಿ ತಂದದ್ದು ಸೆಟಿರಿಜಿನ್. ಬಣ್ಣ ಬೇರೆ, ಹೆಸರು ಬೇರೆ, ಒಳಗೆ ಮೂರೂ ಒಂದೇ ಮನೆತನ. "ಅದಕ್ಕೇ ಏನೋ, ಮಧ್ಯಾಹ್ನ ಪೇಪರ್ ಹಿಡಿದರೆ ಕಣ್ಣು ಎಳೀತದೆ" ಅಂದರು ದೊಡ್ಡಪ್ಪ. ನಾವು ವಯಸ್ಸಿನ ಮೇಲೆ ಹಾಕಿದ್ದೆವು.

6. ಸೈನಸ್‌ಗೆ ಆ್ಯಂಟಿಬಯಾಟಿಕ್ ಬರೆದರೆ, ಬಾಯಿಬಿಟ್ಟು ಹೇಳಿ

ಇಡೀ ಬರಹದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಲರ್ಜಿಯಿಂದ ಮೂಗು ಕಟ್ಟುತ್ತದೆ, ಅದು ಸೈನಸ್‌ಗೆ ಹೋಗುತ್ತದೆ, ಜ್ವರ ಬರುತ್ತದೆ, ಆ್ಯಂಟಿಬಯಾಟಿಕ್ ಬರುತ್ತದೆ. ಆ ಆ್ಯಂಟಿಬಯಾಟಿಕ್ ಕ್ಲಾರಿಥ್ರೊಮೈಸಿನ್ ಅಥವಾ ಎರಿಥ್ರೊಮೈಸಿನ್ ಆಗಿದ್ದರೆ ಅದು ಸಿವೈಪಿ3ಎ4 ಬಾಗಿಲು ಮುಚ್ಚುತ್ತದೆ. ಸಿಮ್ವಾಸ್ಟ್ಯಾಟಿನ್, ಲೊವಾಸ್ಟ್ಯಾಟಿನ್ ಜೊತೆ ಇವು ನಿಷಿದ್ಧ. ಅಟೊರ್ವಾಸ್ಟ್ಯಾಟಿನ್ ಆದರೆ ಕ್ಲಾರಿಥ್ರೊಮೈಸಿನ್ ನಡೆಯುವಷ್ಟು ದಿನ 20 ಮಿ.ಗ್ರಾಂ. ಮೀರಬಾರದು. ಚರ್ಮದ ಫಂಗಸ್‌ಗೆ ನುಂಗುವ ಇಟ್ರಾಕೊನಜೋಲ್ ಕೂಡ ಇದೇ ಸಾಲಿಗೆ ಸೇರುತ್ತದೆ. ತುರಿಕೆ ಅಂದಕೂಡಲೇ ಅಲರ್ಜಿ ಮಾತ್ರೆಯ ಜೊತೆಗೇ ಅದನ್ನು ಬರೆಯುವುದುಂಟು.

ದಾರಿ ಇದೆ. ಡಾಕ್ಟರು ಬೇರೆ ಆ್ಯಂಟಿಬಯಾಟಿಕ್ ಕೊಡಬಹುದು. ಅಜಿತ್ರೊಮೈಸಿನ್ ಹೆಸರು ಹತ್ತಿರವಿದ್ದರೂ ಆ ಕಿಣ್ವವನ್ನು ಅಷ್ಟಾಗಿ ತಡೆಯುವುದಿಲ್ಲ. ಅಥವಾ ಕೋರ್ಸ್ ಮುಗಿಯುವವರೆಗೆ ಸ್ಟ್ಯಾಟಿನ್ ನಿಲ್ಲಿಸಿ ಅನ್ನಬಹುದು. ಐದು, ಏಳು ದಿನ ಸ್ಟ್ಯಾಟಿನ್ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಆ ತೀರ್ಮಾನ ಅವರದಾಗಿರಲಿ, ಮತ್ತೆ ಶುರು ಮಾಡುವ ತಾರೀಖನ್ನೂ ಅವರಿಂದಲೇ ಬರೆಸಿಕೊಳ್ಳಿ. ನಿಲ್ಲಿಸಿದ ಮಾತ್ರೆಯನ್ನು ಮರೆತು ಬಿಡುವವರೇ ಬಹಳ.

7. ಹೊತ್ತು, ಜ್ಯೂಸ್, ಗ್ಯಾಸ್ ಸಿರಪ್

ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಯಾವ ಹೊತ್ತಿಗಾದರೂ ತಗೊಳ್ಳಬಹುದು. ಸಿಮ್ವಾಸ್ಟ್ಯಾಟಿನ್ ರಾತ್ರಿ. ಅಲರ್ಜಿ ಮಾತ್ರೆಯನ್ನು ಅದರ ಜೊತೆಗೇ ನುಂಗಿದರೂ ನಡೆಯುತ್ತದೆ.

ಜ್ಯೂಸ್ ವಿಷಯಕ್ಕೆ ಬರೋಣ. ಗ್ರೇಪ್‌ಫ್ರೂಟ್ ಅಂತ ಎಚ್ಚರಿಕೆ ಚೀಟಿಯಲ್ಲಿ ಓದಿ ದ್ರಾಕ್ಷಿ ತಿನ್ನುವುದು ಬಿಟ್ಟವರನ್ನು ನಾನು ನೋಡಿದ್ದೇನೆ. ಕನ್ನಡಕ್ಕೆ ತರುವಾಗ ಅದನ್ನು ದ್ರಾಕ್ಷಿ ಅಂತಲೇ ಬರೆದುಬಿಡುವವರೂ ಇದ್ದಾರೆ. ಅದು ದ್ರಾಕ್ಷಿಯಲ್ಲ. ಚಕ್ಕೋತದ ದಾಯಾದಿ, ಕಿತ್ತಳೆ ವಂಶದ್ದು. 1989ರಲ್ಲಿ ಕೆನಡಾದ ಸಂಶೋಧಕರು ಬಿ.ಪಿ. ಮಾತ್ರೆಯೊಂದರ ಮೇಲೆ ಮದ್ಯದ ಪರಿಣಾಮ ನೋಡುತ್ತಿದ್ದರು. ಮದ್ಯದ ರುಚಿ ಮರೆಸಲು ಈ ಜ್ಯೂಸ್ ಬೆರೆಸಿದ್ದರು. ಔಷಧಿಯ ಮಟ್ಟ ಯದ್ವಾತದ್ವಾ ಏರಿತು. ಕಾರಣ ಮದ್ಯವಲ್ಲ, ಜ್ಯೂಸ್! ಅದು ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4ಅನ್ನು ಕೆಡಿಸುತ್ತದೆ. ಸಿಮ್ವಾ, ಲೊವಾ ತಗೊಳ್ಳುವವರು ಅದನ್ನು ಬಿಟ್ಟುಬಿಡಿ. ಅಟೊರ್ವಾ ತಗೊಳ್ಳುವವರು ಲೀಟರ್‌ಗಟ್ಟಲೆ ಕುಡಿಯಬೇಡಿ. ರುಪಟಡಿನ್ ಜೊತೆಗೂ ಬೇಡ. ಚಕ್ಕೋತದಲ್ಲೂ ಅದೇ ಬಗೆಯ ವಸ್ತು ಇರುವುದರಿಂದ ಅದಕ್ಕೂ ಇದೇ ಎಚ್ಚರ.

ಫೆಕ್ಸೊಫೆನಡಿನ್‌ನಲ್ಲಿ ಲೆಕ್ಕ ಉಲ್ಟಾ. ಗ್ರೇಪ್‌ಫ್ರೂಟ್ ಮಾತ್ರವಲ್ಲ, ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ನುಂಗಿದರೂ ಅದು ಮೈಗೆ ಹತ್ತುವುದೇ ಕಡಿಮೆಯಾಗುತ್ತದೆ. ನೀರಿನಲ್ಲಿ ನುಂಗಿ.

ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಗ್ಯಾಸ್ ಸಿರಪ್ ಒಂದೇ ಏಟಿಗೆ ಎರಡು ಹಕ್ಕಿ ಹೊಡೆಯುತ್ತದೆ. ರೊಸುವಾಸ್ಟ್ಯಾಟಿನ್ ಜೊತೆಗೇ ಕುಡಿದರೆ ಅದು ರಕ್ತಕ್ಕೆ ಸೇರುವುದು ಸುಮಾರು ಅರ್ಧಕ್ಕಿಳಿಯುತ್ತದೆ. ಫೆಕ್ಸೊಫೆನಡಿನ್ ಕೂಡ ಕುಗ್ಗುತ್ತದೆ. ಮೊದಲು ಮಾತ್ರೆ, ಎರಡು ಗಂಟೆ ಬಿಟ್ಟು ಸಿರಪ್.

ಕೊಲೆಸ್ಟೈರಮಿನ್ ಪುಡಿ ಕುಡಿಯುವವರು ಉಳಿದ ಮಾತ್ರೆಗಳನ್ನು ಅದಕ್ಕೆ ಒಂದು ಗಂಟೆ ಮೊದಲು, ಇಲ್ಲವೇ ನಾಲ್ಕರಿಂದ ಆರು ಗಂಟೆ ಆಮೇಲೆ ತಗೊಳ್ಳಬೇಕು. ಪುಡಿ ಹೊಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಅಂಟಿಸಿಕೊಂಡು ಹೊರಗೆ ಒಯ್ಯುತ್ತದೆ. ಅಲರ್ಜಿ ಮಾತ್ರೆ ಅದರ ಕಣ್ಣಿಗೆ ಬೇರೆಯಾಗಿ ಕಾಣುವುದಿಲ್ಲ.

8. ಮೈಕೈ ನೋವು: ನೆಗಡಿಯದ್ದಾ, ಸ್ಟ್ಯಾಟಿನ್‌ದ್ದಾ?

ಹೊಸ ಔಷಧಿ ಸೇರಿದ ಮೊದಲ ಎರಡು ವಾರ ಮೈ ಕಡೆ ಗಮನವಿರಲಿ. ನೆಗಡಿ ಜ್ವರದ ನೋವು ಜ್ವರ ಇಳಿದಂತೆ ಇಳಿಯುತ್ತದೆ. ಸ್ಟ್ಯಾಟಿನ್ ನೋವು ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ. ತೊಡೆ, ಮೀನಖಂಡ, ಸೊಂಟ, ಹೆಗಲು. ಕೂತವರಿಗೆ ಕೈ ಊರದೆ ಏಳಲು ಆಗುವುದಿಲ್ಲ, ಮೆಟ್ಟಿಲು ಹತ್ತುವಾಗ ತೊಡೆ ಭಾರವೆನ್ನಿಸುತ್ತದೆ. ಹೀಗಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಸಿಪಿಕೆ ಟೆಸ್ಟ್ ಬೇಕಾ ಕೇಳಿ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಫೋನ್ ಮಾಡುತ್ತಾ ಕೂರಬೇಡಿ. ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗುತ್ತಿರಬಹುದು. ಆವತ್ತೇ ಆಸ್ಪತ್ರೆಗೆ ಹೋಗಿ.

9. ಅಲರ್ಜಿಯ ವೇಷ ಹಾಕಿ ಬರುವವು

ಕೊಲೆಸ್ಟ್ರಾಲ್‌ಗೆ ನಿಯಾಸಿನ್ ತಗೊಳ್ಳುವವರಿಗೆ ಮುಖ, ಕುತ್ತಿಗೆ ಕೆಂಪಾಗಿ ಬಿಸಿಯೇರಿ ತುರಿಸುವುದುಂಟು. ನೋಡಿದರೆ ಥೇಟ್ ಅಲರ್ಜಿ. ಅಲ್ಲ, ಅದು ನಿಯಾಸಿನ್ ರಕ್ತನಾಳ ಹಿಗ್ಗಿಸುವ ಪರಿ. ಸೆಟಿರಿಜಿನ್ ನುಂಗಿ ಕಾಯುವ ಬದಲು ಡೋಸ್ ಬಗ್ಗೆ ಮಾತಾಡಬೇಕು.

ಇದಕ್ಕಿಂತ ಮುಖ್ಯವಾದದ್ದು "ಪ್ರಿಲ್" ಅಂತ ಕೊನೆಯಾಗುವ ಬಿ.ಪಿ. ಮಾತ್ರೆಗಳು: ರಾಮಿಪ್ರಿಲ್, ಎನಲಾಪ್ರಿಲ್. ಸ್ಟ್ಯಾಟಿನ್ ತಗೊಳ್ಳುವ ಬಹಳ ಜನರ ಡಬ್ಬಿಯಲ್ಲಿ ಇವೂ ಇರುತ್ತವೆ. ಇವು ಒಣ ಕೆಮ್ಮು ತರಿಸುತ್ತವೆ. ಅದನ್ನು ಅಲರ್ಜಿ ಕೆಮ್ಮು ಅಂತ ತಿಳಿದು ತಿಂಗಳುಗಟ್ಟಲೆ ಸಿರಪ್ ಕುಡಿಯುವವರಿದ್ದಾರೆ. ಅಪರೂಪಕ್ಕೆ ತುಟಿ, ನಾಲಿಗೆ ಊದಿಕೊಳ್ಳುತ್ತದೆ. ವರ್ಷಗಟ್ಟಲೆ ತಗೊಂಡವರಿಗೂ ಒಂದು ದಿನ ಹಠಾತ್ತಾಗಿ ಆಗಬಹುದು. ಆ ಊತಕ್ಕೆ ಕಾರಣ ಹಿಸ್ಟಮಿನ್, ಅಂದರೆ ಅಲರ್ಜಿಯಾದಾಗ ಮೈ ಬಿಡುವ ವಸ್ತು, ಅಲ್ಲ; ಹಾಗಾಗಿ ಅಲರ್ಜಿ ಮಾತ್ರೆಗೆ ಅದು ಬಗ್ಗುವುದಿಲ್ಲ. ಮನೆಯಲ್ಲಿ ಕಾಯಬಾರದು.

ಸ್ಟ್ಯಾಟಿನ್ ಶುರು ಮಾಡಿದ ಮೇಲೆಯೇ ಮೈಮೇಲೆ ಗಂಧೆ ಎದ್ದರೆ ಆ ಸ್ಟ್ಯಾಟಿನ್ನೇ ಒಗ್ಗದಿರಬಹುದು. ಅದನ್ನು ಅಲರ್ಜಿ ಮಾತ್ರೆಯಿಂದ ಅದುಮಿಟ್ಟು ಮುಂದುವರಿಸಬೇಡಿ, ತೋರಿಸಿ.

10. ನಿಲ್ಲಿಸುವಾಗ, ಟೆಸ್ಟ್ ಮಾಡಿಸುವಾಗ

ಚರ್ಮಕ್ಕೆ ಚುಚ್ಚಿ ನೋಡುವ ಅಲರ್ಜಿ ಟೆಸ್ಟ್‌ಗೆ ಮೊದಲು ಅಲರ್ಜಿ ಮಾತ್ರೆಯನ್ನು ಕೆಲವು ದಿನ ನಿಲ್ಲಿಸಬೇಕು, ಸಾಮಾನ್ಯವಾಗಿ ಒಂದು ವಾರದವರೆಗೆ. "ಮಾತ್ರೆ ನಿಲ್ಲಿಸಿ ಬನ್ನಿ" ಅಂದದ್ದನ್ನು ಕೇಳಿ ಸ್ಟ್ಯಾಟಿನ್ ಕೂಡ ನಿಲ್ಲಿಸಿಬಿಡಬೇಡಿ. ಆ ಟೆಸ್ಟ್‌ಗೂ ಅದಕ್ಕೂ ಸಂಬಂಧವಿಲ್ಲ. ಬೀಟಾ ಬ್ಲಾಕರ್ ಮಾತ್ರೆ, ಅಂದರೆ ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥವು ನಡೆಯುತ್ತಿದ್ದರೆ ಟೆಸ್ಟ್ ಮಾಡುವವರಿಗೆ ಮೊದಲೇ ತಿಳಿಸಿ. ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇಂಥವರಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡದಿರಬಹುದು.

ಸೆಟಿರಿಜಿನ್, ಲೆವೊಸೆಟಿರಿಜಿನ್ ತಿಂಗಳುಗಟ್ಟಲೆ ದಿನಾ ತಗೊಂಡು ಒಮ್ಮೆಲೇ ಬಿಟ್ಟರೆ ಕೆಲವರಿಗೆ ಮೈಯೆಲ್ಲ ಭಯಂಕರ ತುರಿಕೆ ಬರುತ್ತದೆ. ಎಫ್‌ಡಿಎ 2025ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಪರೂಪದ್ದು, ಆದರೆ ಬಂದವರು ಅಲರ್ಜಿ ಮರಳಿ ಬಂತು ಅಂದುಕೊಂಡು ಮತ್ತೆ ಮಾತ್ರೆಗೇ ಹೋಗುತ್ತಾರೆ. ಬಿಡುವ ಮೊದಲು ಡಾಕ್ಟರನ್ನು ಕೇಳಿ, ನಿಧಾನಕ್ಕೆ ಕಡಿಮೆ ಮಾಡುತ್ತಾ ಬರುವ ಕ್ರಮ ಹೇಳುತ್ತಾರೆ.

ಆ ರಾತ್ರಿಯ ಸ್ಟ್ರಿಪ್ ಇನ್ನೂ ನನ್ನ ಡ್ರಾಯರಿನಲ್ಲಿದೆ. ಒಂಬತ್ತು ಮಾತ್ರೆ ಉಳಿದಿವೆ. ಹಿಂಭಾಗದಲ್ಲಿ ಮಾರ್ಕರ್‌ನಿಂದ "ಡಿ" ಸುತ್ತ ಒಂದು ಗೆರೆ ಎಳೆದಿಟ್ಟಿದ್ದೇನೆ. ಎದುರಿಗೆ ಕೂತವರಿಗೆ ಎಲ್ಲಿ ಓದಬೇಕು ಅಂತ ತೋರಿಸಲು ಬೇಕಾಗುತ್ತದೆ.